ಮಾಮನ ಪತ್ರದಿಂದ ವಾಟ್ಸಾಪ್ ಸಂದೇಶದವರೆಗೆ: ಕರಾವಳಿಯವರಿಗೆ ಕೆಲಸ ಸಿಗುವ ಬಗೆ

ನಮ್ಮ ಕರಾವಳಿಯಲ್ಲಿ ರೋಸ್ ಚಪ್ಪರವಿರಲಿ, ಮರಣದ ಮನೆಯಿರಲಿ, ನಾಲ್ಕು ಜನ ಸೇರಿದಲ್ಲಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ. "ಮಗ ಈಗ ಎಲ್ಲಿದ್ದಾನೆ?" ಎಂಬುದು ಮೊದಲನೆಯದು. "ಕೆಲಸ ಸಿಕ್ಕಿದ್ದು ಹೇಗೆ?" ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೂಡಲೇ ಸಿಗುತ್ತದೆ. ಎರಡನೆಯದಕ್ಕೆ ಹೆಚ್ಚಿನವರು "ಯಾರೋ ಪರಿಚಯದವರು ಮಾಡಿಕೊಟ್ಟರು" ಎಂದು ಮಾತು ಮುಗಿಸುತ್ತಾರೆ. ಈ "ಪರಿಚಯದವರು" ಎಂಬ ಶಬ್ದವೇ ನಮ್ಮ ಅನೇಕ ಕುಟುಂಬಗಳನ್ನು ಮೇಲಕ್ಕೆತ್ತಿದೆ. ಇಂದು ನಮ್ಮ ಯುವಜನರು ಮೋಸ ಹೋಗುತ್ತಿರುವುದೂ ಇದೇ ಶಬ್ದವನ್ನು ನಂಬಿ.

2025ರ ಮಾರ್ಚ್ ತಿಂಗಳಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಗಡಿ ಪಟ್ಟಣ ಮೇ ಸೋಟ್‌ನಿಂದ ಎರಡು ದಿನಗಳಲ್ಲಿ 549 ಮಂದಿ ಭಾರತೀಯರನ್ನು ಕರೆತಂದವು. ಒಳ್ಳೆಯ ಸಂಬಳದ ಕೆಲಸವೆಂದು ಆಸೆ ತೋರಿಸಿ ಇಂಥವರನ್ನು ಮ್ಯಾನ್ಮಾರಿನ ಗಡಿ ಪ್ರದೇಶಕ್ಕೆ ಸಾಗಿಸಿ, ಬೇಲಿ ಹಾಕಿದ ಆವರಣಗಳೊಳಗೆ ಇಟ್ಟು, ಅವರ ಕೈಯಿಂದಲೇ ಆನ್‌ಲೈನ್ ವಂಚನೆ ಮಾಡಿಸಲಾಗುತ್ತಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಹೇಳಿ ಮೋಸ ಮಾಡುತ್ತಿದ್ದಾರೆ ಎಂದು ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. ಆದರೂ ಹೋಗುವವರು ಹೋದರು.

ಇದು ಯಾವುದೋ ದೂರದ ಊರಿನವರ ಕಥೆ ಎಂದುಕೊಳ್ಳುವುದು ಬೇಡ. 2019ರಲ್ಲಿ ಕುವೈತಿಗೆ ಹೋದ ನಮ್ಮ ಕರಾವಳಿಯ ಹತ್ತಾರು ಯುವಕರು ಹೇಳಿದ ಕೆಲಸವೂ ಇಲ್ಲದೆ, ಸಂಬಳವೂ ಇಲ್ಲದೆ ಕಷ್ಟಪಟ್ಟು, ಅಲ್ಲಿನ ಊರವರ ನೆರವಿನಿಂದ ಮರಳಿ ಬಂದರು. 2025ರಲ್ಲಿ ಮಂಗಳೂರಿನಲ್ಲೇ ವಿದೇಶಿ ಉದ್ಯೋಗದ ಹೆಸರಿನಲ್ಲಿ ಹಣ ಕಳೆದುಕೊಂಡವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಕಲಿತವರು, ಇಂಗ್ಲಿಷ್ ಬಲ್ಲವರು, ಮನೆಯಲ್ಲಿ ಇಬ್ಬರು ಮೂವರು ವಿದೇಶ ಕಂಡವರು ಇರುವ ಈ ಜಿಲ್ಲೆಗಳಲ್ಲೂ ಹೀಗೇಕೆ ಆಗುತ್ತದೆ? ಹಿಂದಿನವರಿಗೆ ಕೆಲಸ ಸಿಕ್ಕಿದ್ದು ಹೇಗೆ ಎಂಬುದನ್ನು ಸ್ವಲ್ಪ ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ.

ಮಾಮ ವಿಳಾಸ ಕೊಟ್ಟ, ಟೈಪಿಂಗ್ ಕೆಲಸ ಕೊಟ್ಟಿತು

ನಮ್ಮ ಅಜ್ಜಂದಿರ ಕಾಲದಲ್ಲಿ ಕೆಲಸವೆಂದರೆ ಮುಂಬಯಿ. ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಹತ್ತಿರದ ಪೇಟೆಯಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು, ಮಾಮನ ಅಥವಾ ನೆರೆಮನೆಯವರ ವಿಳಾಸ ಕಿಸೆಯಲ್ಲಿಟ್ಟುಕೊಂಡು ಹುಡುಗರು ಬಸ್ಸು ಹತ್ತುತ್ತಿದ್ದರು. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಊರವರು. ಓದಲು ಅನುಕೂಲವಿಲ್ಲದವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದರು. 1973ರಲ್ಲಿ ತೈಲ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದ ಬಾಗಿಲು ತೆರೆದಾಗ, ಮುಂಬಯಿಯಲ್ಲಿದ್ದ ಇವರೇ ಮೊದಲು ಹಡಗು, ವಿಮಾನ ಹತ್ತಿದರು. ಆಮೇಲೆ ತಮ್ಮನಿಗೆ, ಭಾವನಿಗೆ, ಊರಿನ ಹುಡುಗನಿಗೆ ವೀಸಾ ಕಳುಹಿಸಿದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಾಮ ಕೊಟ್ಟದ್ದು ವಿಳಾಸ, ಮಲಗಲು ಜಾಗ ಮತ್ತು ಎಲ್ಲಿ ಕೆಲಸ ಖಾಲಿ ಇದೆ ಎಂಬ ಸುದ್ದಿ. ಕೆಲಸ ಕೊಟ್ಟದ್ದು ಟೈಪಿಂಗ್. ಆಫೀಸಿನ ದೊರೆ ಪತ್ರವೊಂದನ್ನು ಬರೆಸಿ ನೋಡದೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಮಾತು, ಮಾಮನಿಗೆ ಹೊಣೆ ಇತ್ತು. ಅವನು ಹೇಳಿದ ಕೆಲಸ ಸುಳ್ಳಾದರೆ ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಕ್ಕನ ಮುಖ ನೋಡಬೇಕಾಗಿತ್ತು. ಈ ಹೊಣೆಯ ಭಯವೇ ಅಂದಿನ ಪರಿಚಯಕ್ಕಿದ್ದ ದೊಡ್ಡ ಗ್ಯಾರಂಟಿ.

ಬ್ಯಾಂಕು ಕಲಿಸಿದ ಪಾಠ

ಊರಿನಲ್ಲೇ ಉಳಿದವರಿಗೆ ಆಸರೆಯಾದದ್ದು ಬ್ಯಾಂಕುಗಳು. ಕೆನರಾ, ಕಾರ್ಪೊರೇಶನ್, ಕರ್ನಾಟಕ, ಸಿಂಡಿಕೇಟ್, ವಿಜಯಾ - ಈ ಐದೂ ಬ್ಯಾಂಕುಗಳು 1906ರಿಂದ 1931ರ ನಡುವೆ ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದವು. ಆರಂಭದ ವರ್ಷಗಳಲ್ಲಿ ಊರಿನ ಹಿರಿಯರೊಬ್ಬರ ಮಾತಿನಿಂದ ಅಲ್ಲಿ ಕೆಲಸ ಸಿಕ್ಕಿದವರು ಬಹಳ ಮಂದಿ. ಆದರೆ 1969 ಮತ್ತು 1980ರ ರಾಷ್ಟ್ರೀಕರಣದ ನಂತರ ಇವುಗಳಲ್ಲಿ ನಾಲ್ಕು ಸರಕಾರಿ ಬ್ಯಾಂಕುಗಳಾದವು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ವಿಲೀನಗೊಂಡು ಹೆಸರೇ ಇಲ್ಲವಾಯಿತು.

ನೇಮಕಾತಿಯ ದಾರಿಯೂ ಪೂರ್ತಿ ಬದಲಾಯಿತು. 2011ರಿಂದ ಸರಕಾರಿ ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ಎಂಬ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಬಂತು. ಗುಮಾಸ್ತ ಹುದ್ದೆಗೆ ಯಾವುದೇ ಪದವಿ ಸಾಕು, ವಯಸ್ಸು ಸಾಮಾನ್ಯವಾಗಿ 20ರಿಂದ 28. ಸಂದರ್ಶನ ಇಲ್ಲ. ಕೇಂದ್ರ ಸರಕಾರವೂ 2016ರ ಜನವರಿಯಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ತೆಗೆದುಹಾಕಿದೆ. ಸಂದರ್ಶನವೇ ಇಲ್ಲದ ಕೆಲಸಕ್ಕೆ ಶಿಫಾರಸು ಮಾಡುವುದು ಯಾರಿಗೆ? ಆದರೂ "ಬ್ಯಾಂಕಿನಲ್ಲಿ ಒಳಗಿನವರ ಪರಿಚಯವಿದೆ, ಇಷ್ಟು ಕೊಟ್ಟರೆ ಆಗುತ್ತದೆ" ಎನ್ನುವವರ ಮಾತು ಕೇಳುವವರು ಇಂದಿಗೂ ಇದ್ದಾರೆ.

ಹಣದ ದಾರಿ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯೇ ಸಾಕ್ಷಿ. 545 ಹುದ್ದೆಗಳಿಗಾಗಿ 2021ರಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಕ್ರಮ ಎಸಗಿದವರ ಜೊತೆಗೆ, ರಾತ್ರಿ ಹಗಲು ಓದಿ ಪಾಸಾದವರೂ ವರ್ಷಗಟ್ಟಲೆ ಕಾಯಬೇಕಾಯಿತು. ಈಗ ಇಂತಹ ಅಕ್ರಮಕ್ಕೆ ರಾಜ್ಯದಲ್ಲಿ 2023ರ ಕಾನೂನು, ಕೇಂದ್ರದಲ್ಲಿ 2024ರ ಕಾನೂನು ಇದೆ.

ಗಲ್ಫ್ ಅಂದಿನಂತಿಲ್ಲ

ಇತ್ತ ಕೊಲ್ಲಿ ರಾಷ್ಟ್ರಗಳೂ ಬದಲಾಗಿವೆ. ಸೌದಿ ಅರೇಬಿಯಾ 2011ರಲ್ಲಿ ನಿತಾಕತ್ ಜಾರಿಗೆ ತಂದು, ಕಂಪೆನಿಗಳು ಸ್ವಂತ ದೇಶದವರನ್ನು ಇಷ್ಟು ಪಾಲು ಸೇರಿಸಿಕೊಳ್ಳಲೇಬೇಕು ಎಂದಿತು. ಯುಎಇಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು ಕೌಶಲದ ಹುದ್ದೆಗಳಲ್ಲಿ ವರ್ಷಕ್ಕೆ ನೂರಕ್ಕೆ 2ರಂತೆ ಸ್ವದೇಶಿಗಳ ಪಾಲು ಹೆಚ್ಚಿಸಬೇಕೆಂಬ ನಿಯಮ 2022ರಿಂದ ಬಂತು. ನಮ್ಮವರು ತುಂಬಿಕೊಂಡಿದ್ದ ಆಫೀಸು, ಲೆಕ್ಕಪತ್ರ, ರಿಸೆಪ್ಶನ್ ಕೆಲಸಗಳ ಮೇಲೆ ಇದರ ಹೊಡೆತ ಬಿದ್ದಿದೆ. ಅಲ್ಲಿರುವ ಮಾಮನಿಗೇ ತನ್ನ ಕೆಲಸ ಎಷ್ಟು ದಿನವೋ ಎಂಬ ಚಿಂತೆ ಇರುವಾಗ ಅವನು ಅಳಿಯನಿಗೆ ವೀಸಾ ಕಳುಹಿಸುವುದು ಹೇಗೆ?

ಮಾಮ ಬಿಟ್ಟುಹೋದ ಜಾಗಕ್ಕೆ ಏಜೆಂಟ್ ಬಂದಿದ್ದಾನೆ. ಅವನು ಬರುವುದೂ ಪರಿಚಯದ ವೇಷದಲ್ಲೇ. ವಾಟ್ಸಾಪ್ ಗ್ರೂಪಿನಲ್ಲಿ ಊರಿನವರೇ ಯಾರೋ ಕಳುಹಿಸಿದ ಜಾಹೀರಾತು, ಫೋನಿನಲ್ಲಿ ನಮ್ಮದೇ ಭಾಷೆ, "ಆಂಟಿ, ನಿಮ್ಮ ಪಕ್ಕದ ಊರಿನ ಇಬ್ಬರು ಹೋದ ತಿಂಗಳು ಹೋದರು" ಎಂಬ ಮಾತು. ಕಳುಹಿಸಿದವರನ್ನು ಕೇಳಿದರೆ "ನನಗೆ ಬಂದದ್ದನ್ನು ಕಳುಹಿಸಿದೆ" ಎನ್ನುತ್ತಾರೆ. ಅಂದಿನ ಪರಿಚಯದಲ್ಲಿದ್ದ ಹೊಣೆ ಇಲ್ಲಿ ಯಾರಿಗೂ ಇಲ್ಲ. ಆದರೆ ನಮ್ಮ ನಂಬಿಕೆ ಮಾತ್ರ ಅಂದಿನದೇ ಉಳಿದಿದೆ. ಮೋಸಕ್ಕೆ ಮೂಲ ಇಲ್ಲಿದೆ.

ಇನ್ನೊಂದು ಕಾರಣವೂ ಇದೆ. ನಮ್ಮ ದೇಶದ 1983ರ ವಲಸೆ ಕಾಯಿದೆಯಂತೆ, ಇಸಿಆರ್ ಪಾಸ್‌ಪೋರ್ಟ್ ಇರುವವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ವಲಸೆ ಅನುಮತಿ ಬೇಕು. ಆಗ ಕೆಲಸದ ಕರಾರುಪತ್ರದ ಪರಿಶೀಲನೆ ನಡೆಯುತ್ತದೆ. ಹತ್ತನೆಯ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಈ ಅನುಮತಿ ಬೇಡ. ನಮ್ಮ ಕರಾವಳಿಯ ಯುವಜನರಲ್ಲಿ ಹೆಚ್ಚಿನವರು ಪಾಸಾದವರೇ. ಕಲಿತವರು ತಮ್ಮ ಪತ್ರ ತಾವೇ ಓದಿಕೊಳ್ಳುತ್ತಾರೆ ಎಂದು ಸರಕಾರ ಬಿಟ್ಟಿದೆ, ನಾವು ಏಜೆಂಟ್ ಓದಿದ್ದಾನೆ ಎಂದು ಬಿಟ್ಟಿದ್ದೇವೆ. ಇಸ್ರೇಲ್, ಯುರೋಪಿನ ದೇಶಗಳು ಆ 18ರ ಪಟ್ಟಿಯಲ್ಲೇ ಇಲ್ಲ. ನರ್ಸುಗಳ ವಿಷಯ ಮಾತ್ರ ಬೇರೆ. 2015ರಿಂದ ಅವರು ಈ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಯಾವ ಪಾಸ್‌ಪೋರ್ಟ್ ಇದ್ದರೂ ವಲಸೆ ಅನುಮತಿ ಪಡೆಯಬೇಕು.

ಸಾಲದ ಲೆಕ್ಕ

ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ಸರಕಾರ ಮಿತಿ ಹಾಕಿದೆ. ಅದು 30,000 ರೂಪಾಯಿ, ಮೇಲೆ ನೂರಕ್ಕೆ 18 ಜಿಎಸ್‌ಟಿ. ಒಟ್ಟು 35,400 ರೂಪಾಯಿ. ನಮ್ಮಲ್ಲಿ ಕೇಳುವುದು ಎಷ್ಟು? ಎರಡು, ಮೂರು ಲಕ್ಷ. ಇಸ್ರೇಲಿನ ವೃದ್ಧರ ಆರೈಕೆ ಕೆಲಸಕ್ಕೆ ಇದಕ್ಕಿಂತಲೂ ಎಷ್ಟೋ ಹೆಚ್ಚು ಕೊಟ್ಟು ಹೋದವರು ನಮ್ಮ ನಡುವೆ ಇದ್ದಾರೆ.

ಮೂರು ಲಕ್ಷವನ್ನು ತಿಂಗಳಿಗೆ ನೂರಕ್ಕೆ 2ರ ಬಡ್ಡಿಯಲ್ಲಿ ತಂದರೆ ಬಡ್ಡಿಯೇ ತಿಂಗಳಿಗೆ 6,000 ರೂಪಾಯಿ. ಅಮ್ಮನ ಚಿನ್ನ ಅಡವಿಟ್ಟಿದ್ದರೆ ಅದರ ಚಿಂತೆ ಬೇರೆ. ಹೀಗೆ ಹೋದವನಿಗೆ ಅಲ್ಲಿ ಹೇಳಿದ ಸಂಬಳದ ಅರ್ಧ ಸಿಕ್ಕಿದರೂ ತಿರುಗಿ ಬರುವ ಹಾಗಿಲ್ಲ. ಸಾಲ ತೀರುವವರೆಗೆ ಅವನು ಕೇಳಿದ ಕೆಲಸ ಮಾಡಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು. ಮನೆಗೆ ಫೋನ್ ಮಾಡಿದಾಗ "ಇಲ್ಲಿ ಎಲ್ಲ ಒಳ್ಳೆಯದಿದೆ" ಎಂದು ಸುಳ್ಳು ಹೇಳಬೇಕು. ಕೆಲಸದ ಹೆಸರಿನಲ್ಲಿ ಅವನು ಕೊಂಡುಕೊಂಡದ್ದು ಒಂದು ಬಂಧನವನ್ನು.

ಯುಎಇಯ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕಂಪೆನಿಯೇ ಭರಿಸಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಬ್ರಿಟನ್ನಿನ ಆರೋಗ್ಯ ಕ್ಷೇತ್ರದ ನೇಮಕಾತಿಗೂ ಅಭ್ಯರ್ಥಿಯಿಂದ ಹಣ ಪಡೆಯಬಾರದೆಂಬ ನೀತಿ ಸಂಹಿತೆ ಇದೆ. ಆದ್ದರಿಂದ ಯಾರಾದರೂ ಲಕ್ಷ ಲಕ್ಷ ಕೇಳಿದರೆ, ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಅವಮರ್ಯಾದೆಯಲ್ಲ. ಅದು ನಮ್ಮ ಹಕ್ಕು.

ಒಳ್ಳೆಯ ಕೆಲಸ ಪಡೆದವರು ಮಾಡಿದ್ದೇನು?

ಮೋಸದ ಮಾತು ಇಷ್ಟಾಯಿತು. ಸರಿಯಾದ ದಾರಿಯಲ್ಲಿ ಕೆಲಸ ಪಡೆದವರೂ ಪ್ರತಿ ಊರಿನಲ್ಲಿ ಇದ್ದಾರೆ. ಅವರನ್ನು ಮಾತನಾಡಿಸಿದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಕೇಳಿಬರುತ್ತವೆ.

ಬ್ಯಾಂಕ್, ಕೇಂದ್ರ ಸರಕಾರದ ಕೆಲಸ ಪಡೆದವರಲ್ಲಿ ಮೊದಲ ಪ್ರಯತ್ನದಲ್ಲೇ ಗೆದ್ದವರು ಕಡಿಮೆ. ಎರಡು, ಮೂರು ಸಲ ಬರೆದವರೇ ಹೆಚ್ಚು. ಒಂದೇ ತಯಾರಿಯಲ್ಲಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಸಿಬ್ಬಂದಿ ನೇಮಕಾತಿ ಆಯೋಗ ಎಲ್ಲದಕ್ಕೂ ಅರ್ಜಿ ಹಾಕಿದ್ದಾರೆ. ಈಗ ಬ್ಯಾಂಕ್ ಗುಮಾಸ್ತ ಪರೀಕ್ಷೆಯನ್ನೂ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಭಾಷೆ ಓದಲು, ಬರೆಯಲು, ಮಾತನಾಡಲು ಬರಬೇಕು. ನಮ್ಮವರಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಕನ್ನಡ ಓದಲು ತಡವರಿಸುವ ಮಕ್ಕಳ ತಂದೆತಾಯಿ ಈ ಮಾತನ್ನು ಗಮನಿಸಬೇಕು.

ಐಟಿಐ, ಡಿಪ್ಲೊಮಾ ಓದಿದವರಲ್ಲಿ ಬೇಗ ಕೆಲಸ ಸಿಕ್ಕಿದ್ದು ಅಪ್ರೆಂಟಿಸ್‌ಶಿಪ್ ಮಾಡಿದವರಿಗೆ. ಸಂಬಳ ಕಡಿಮೆ ಎಂದು ಬಿಟ್ಟವರು ಎರಡು ವರ್ಷದ ನಂತರವೂ "ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತಿದ್ದಾರೆ. ನರ್ಸಿಂಗ್ ಓದಿದವರಲ್ಲಿ ಊರಿನ ಆಸ್ಪತ್ರೆಯಲ್ಲಿ ಎರಡು ಮೂರು ವರ್ಷ ದುಡಿದು, ಇಂಗ್ಲಿಷ್ ಅಥವಾ ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿದವರು ಏಜೆಂಟರ ಬೆನ್ನು ಹಿಡಿಯಬೇಕಾಗಿಲ್ಲ. ಆಸ್ಪತ್ರೆಗಳೇ ಅವರನ್ನು ಹುಡುಕುತ್ತವೆ.

ಖಾಸಗಿ ಕಂಪೆನಿಗಳಲ್ಲಿ ಪರಿಚಯಕ್ಕೆ ಇಂದಿಗೂ ಬೆಲೆ ಇದೆ. ಅಲ್ಲಿ ಕೆಲಸ ಮಾಡುವವರು ಒಬ್ಬರ ಹೆಸರು ಸೂಚಿಸಿದರೆ ಅರ್ಜಿ ಸಂದರ್ಶನದವರೆಗೆ ತಲುಪುವುದು ಸುಲಭ. ಆದರೆ ಸಂದರ್ಶನದ ಕೋಣೆಯೊಳಗೆ ಯಾವ ಮಾಮನೂ ಬರುವುದಿಲ್ಲ. ಹಿಂದಿನ ಟೈಪಿಂಗ್ ಇದ್ದ ಜಾಗದಲ್ಲಿ ಇಂದು ಬೇರೆ ವಿದ್ಯೆ ಇದೆ, ಅಷ್ಟೇ ವ್ಯತ್ಯಾಸ.

ಕೆಲಸ ಹುಡುಕುವವರಿಗೆ ಕೆಲವು ಸೂಚನೆಗಳು

1. ಪರಿಚಯದವರಲ್ಲಿ ಕೆಲಸ ಕೇಳಬೇಡಿ, ಮಾಹಿತಿ ಕೇಳಿ. "ನನಗೊಂದು ಕೆಲಸ ಕೊಡಿಸಿ" ಎಂದರೆ ಯಾರಿಗೂ ಮುಜುಗರ. "ನಿಮ್ಮ ಕಂಪೆನಿಯಲ್ಲಿ ಯಾವ ವಿದ್ಯೆ ಕಲಿತವರನ್ನು ತೆಗೆದುಕೊಳ್ಳುತ್ತಾರೆ, ಅರ್ಜಿ ಎಲ್ಲಿ ಹಾಕಬೇಕು?" ಎಂದರೆ ಸಂತೋಷದಿಂದ ಹೇಳುತ್ತಾರೆ.

2. ಬಯೋಡೇಟಾ ಒಂದು ಅಥವಾ ಎರಡು ಪುಟ ಸಾಕು. ಒಂದೇ ಬಯೋಡೇಟಾವನ್ನು ನೂರು ಕಡೆ ಕಳುಹಿಸುವ ಬದಲು ಆಯಾ ಕೆಲಸಕ್ಕೆ ಬೇಕಾದುದನ್ನು ಮೇಲೆ ಬರೆಯಿರಿ. ಗೊತ್ತಿಲ್ಲದುದನ್ನು ಗೊತ್ತಿದೆ ಎಂದು ಬರೆಯಬೇಡಿ. ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ.

3. ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿ. ಕರ್ನಾಟಕದಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿ ಬರುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದ್ದವರು ಶಾಲೆಯಿಂದ ಪ್ರಮಾಣಪತ್ರ ಪಡೆದಿಡಿ. ಅಂಕ ಬಂದರೂ ಕಾಗದವಿಲ್ಲದೆ ಕೆಲಸ ತಪ್ಪಿದರೆ ಆ ನೋವು ದೊಡ್ಡದು.

4. ಏಜೆಂಟನ ಹೆಸರಲ್ಲ, ಪರವಾನಗಿ ಸಂಖ್ಯೆ ಕೇಳಿ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ವೆಬ್‌ಸೈಟಿನಲ್ಲಿದೆ. ಸಂಖ್ಯೆ ಇಲ್ಲದ ಜಾಹೀರಾತನ್ನು ಅಲ್ಲೇ ಬಿಟ್ಟುಬಿಡಿ. "ನಾನು ಅವರ ಸಬ್ ಏಜೆಂಟ್" ಎನ್ನುವವರಿಗೆ ಕಾನೂನಿನ ಮಾನ್ಯತೆ ಇಲ್ಲ.

5. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಎಂಬ ಮಾತಿಗೆ ಒಪ್ಪಬೇಡಿ. ಆ ವೀಸಾದಲ್ಲಿ ದುಡಿಯುವುದು ಅಪರಾಧ. ಥಾಯ್ಲೆಂಡಿಗೆ ಪ್ರವಾಸಿಯಾಗಿ ಹೋದವರಿಗೆ ಅಲ್ಲಿ ಕೆಲಸ ಮಾಡುವ ಅನುಮತಿ ಇಲ್ಲ. "ಫ್ರೀ ವೀಸಾ" ಎಂಬುದೂ ಕಾನೂನುಬಾಹಿರ. ಒಬ್ಬನ ಹೆಸರಿನ ವೀಸಾದಲ್ಲಿ ಇನ್ನೊಬ್ಬನ ಬಳಿ ದುಡಿದು ಸಿಕ್ಕಿಬಿದ್ದರೆ ಶಿಕ್ಷೆ ಕೆಲಸಗಾರನಿಗೂ ತಪ್ಪಿದ್ದಲ್ಲ.

6. ನಿಯಮ ಇಂದಿನದೇ ಎಂದು ನೋಡಿ. ಬ್ರಿಟನ್ 2025ರ ಜುಲೈ 22ರಿಂದ ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ವೀಸಾ ನಿಲ್ಲಿಸಿದೆ. ಅದರ ನಂತರವೂ ಯಾರಾದರೂ ಆ ವೀಸಾ ಮಾರಲು ಬಂದರೆ ಅವರು ಮಾರುತ್ತಿರುವುದು ಗಾಳಿಯನ್ನು.

7. ಕರಾರುಪತ್ರವನ್ನು ಓದಿ, ಇನ್ನೊಬ್ಬರಿಗೂ ಓದಿಸಿ. ಕೆಲಸ, ಮೂಲ ಸಂಬಳ, ವಾಸ, ರಜೆ, ಮರಳುವ ಟಿಕೆಟ್ ಎಲ್ಲ ಬರವಣಿಗೆಯಲ್ಲಿರಲಿ. ಯುಎಇಯ ಉದ್ಯೋಗ ಪತ್ರದ ಸಂಖ್ಯೆಯನ್ನು ಅಲ್ಲಿನ ಕಾರ್ಮಿಕ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಡಬಹುದು.

8. ಹಣವನ್ನು ನಗದಾಗಿ ಕೊಡಬೇಡಿ. ಬ್ಯಾಂಕ್ ಮೂಲಕ ಕೊಟ್ಟು ರಶೀದಿ ಪಡೆಯಿರಿ. "ನಾಳೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ" ಎಂದರೆ ಹೋಗಲಿ ಬಿಡಿ. ಊರಿನ ಕೆಲಸಕ್ಕೂ ಇದೇ ಮಾತು. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳುವ ಕಂಪೆನಿ ಕೆಲಸ ಕೊಡುವ ಕಂಪೆನಿಯಲ್ಲ.

9. ಮೋಸ ಹೋದರೆ ಮುಚ್ಚಿಡಬೇಡಿ. ಆನ್‌ಲೈನ್ ಹಣ ವಂಚನೆಗೆ ತಕ್ಷಣ 1930ಕ್ಕೆ ಕರೆ ಮಾಡಿ. ವಿದೇಶಿ ಉದ್ಯೋಗದ ವಿಚಾರಣೆ, ದೂರಿಗೆ ಸರಕಾರದ ಉಚಿತ ದೂರವಾಣಿ 1800 11 3090. ವಲಸೆ ಸಂರಕ್ಷಕರ ಕಚೇರಿ ಬೆಂಗಳೂರಿನಲ್ಲೂ ಇದೆ.

ಮನೆಯವರ ಮತ್ತು ಊರಿನ ಪಾಲು

ಯುವಕರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. "ನೆರೆಮನೆಯ ಹುಡುಗ ಹೋದ, ನೀನು ಯಾವಾಗ?" ಎಂದು ದಿನಾ ಕೇಳುವ ಮನೆಯಲ್ಲಿ ಹುಡುಗ ಏಜೆಂಟನ ಬಳಿ ಓಡದೆ ಏನು ಮಾಡಿಯಾನು? ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಪರೀಕ್ಷೆಗೆ ಓದುವವನನ್ನು ನಾವು ಖಾಲಿ ಕುಳಿತವನು ಎನ್ನುತ್ತೇವೆ. ಸಾಲ ಮಾಡಿ ವಿಮಾನ ಹತ್ತಿದವನನ್ನು ಗೆದ್ದವನು ಎನ್ನುತ್ತೇವೆ. ಈ ಎಣಿಕೆ ಬದಲಾಗಬೇಕು.

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರೂ ಸ್ವಲ್ಪ ಯೋಚಿಸಬೇಕು. ಉದ್ಯೋಗದ ಪ್ರಕಟಣೆಯನ್ನು ಪೂಜೆಯ ನಂತರ ಓದುವ ಮೊದಲು, ಧರ್ಮಕೇಂದ್ರದ ಪತ್ರಿಕೆಯಲ್ಲಿ ಹಾಕುವ ಮೊದಲು, ಗುರಿಕಾರರು ತಮ್ಮ ವಾಳೆಯ ಗ್ರೂಪಿಗೆ ಕಳುಹಿಸುವ ಮೊದಲು, ಅದರಲ್ಲಿ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಚರ್ಚಿನಲ್ಲಿ ಕೇಳಿದ್ದು, ಗುರಿಕಾರರು ಕಳುಹಿಸಿದ್ದು ಎಂದರೆ ಜನ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆ ನಂಬಿಕೆಯನ್ನು ಇನ್ನೊಬ್ಬರು ಬಳಸಿಕೊಳ್ಳಲು ನಾವು ಬಿಡಬಾರದು. ಪ್ರತಿ ಧರ್ಮಕೇಂದ್ರದಲ್ಲೂ ಬ್ಯಾಂಕಿನಿಂದ ನಿವೃತ್ತರಾದವರು, ಗಲ್ಫಿನಿಂದ ಮರಳಿದವರು, ಶಿಕ್ಷಕರು ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರಲ್ಲಿ ಇಬ್ಬರು ಕುಳಿತು ಮಕ್ಕಳ ಅರ್ಜಿ ನೋಡಿದರೆ, ಕರಾರುಪತ್ರ ಓದಿ ಹೇಳಿದರೆ, ಒಂದು ಮನೆಯಾದರೂ ಸಾಲದಿಂದ ಉಳಿದೀತು.

ಹಿಂದೆ ಮಾಮ ಮಾಡಿದ್ದೂ ಇದನ್ನೇ. ಅವನು ಕೆಲಸ ಮಾರಲಿಲ್ಲ. ದಾರಿ ತೋರಿಸಿದ, ಕೋಣೆಯಲ್ಲಿ ಜಾಗ ಕೊಟ್ಟ, ತಪ್ಪಾದರೆ ಹೊಣೆ ಹೊತ್ತ. ಇನ್ನು ಮುಂದೆ ಯಾರಾದರೂ "ಪರಿಚಯದವರು ಮಾಡಿಕೊಡುತ್ತಾರಂತೆ" ಎಂದು ನಿಮ್ಮ ಬಳಿ ಬಂದರೆ ಒಂದೇ ಪ್ರಶ್ನೆ ಕೇಳಿ: "ನಾಳೆ ಕೆಲಸ ಸುಳ್ಳಾದರೆ ಆ ಪರಿಚಯದವರು ನಿಮ್ಮ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತಾರೆಯೇ?" ಹೌದು ಎಂಬ ಉತ್ತರ ಬಾರದಿದ್ದರೆ, ಅಮ್ಮನ ಚಿನ್ನ ಪೆಟ್ಟಿಗೆಯಲ್ಲೇ ಇರಲಿ.